ವಿಂಡೋಸ್ ಬಿಡಬಹುದು, ಪೇಜ್‌ಮೇಕರ್ ಬಿಡೋದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಸುರಕ್ಷತೆಯ ಅಪ್‌ಡೇಟ್ ಇನ್ನೊಂದು ವರ್ಷ ಸಿಗುವ ಏರ್ಪಾಟು ಇದೆ, ಅದೂ 2026ರ ಅಕ್ಟೋಬರ್‌ವರೆಗೆ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ತುಮಕೂರಿನ ಎಂ.ಜಿ. ರಸ್ತೆ, ಅಶೋಕ ರಸ್ತೆ ಸುತ್ತಮುತ್ತಲಿನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಅದಕ್ಕಿಂತ ಹಳೆಯ ಕಂಪ್ಯೂಟರ್‌ಗಳು ಇನ್ನೂ ದಿನವಿಡೀ ದುಡಿಯುತ್ತಿವೆ.

"ಲಿನಕ್ಸ್ ಹಾಕಿಸಿ ಸಾರ್, ದುಡ್ಡೂ ಇಲ್ಲ, ವೈರಸ್ ಕಾಟವೂ ಕಡಿಮೆ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ, ಬಿಟ್ಟಿ ಸಿಗುವ ಆಪರೇಟಿಂಗ್ ಸಿಸ್ಟಂ. ಸಲಹೆ ತಪ್ಪೇನಲ್ಲ. ಆದರೆ ಅಂಗಡಿಯವರು ಕೇಳೋದೇ ಬೇರೆ. "ಅಣ್ಣ, ಅದ್ರಲ್ಲಿ ಪೇಜ್‌ಮೇಕರ್ ಓಡುತ್ತಾ? ನುಡಿ ಬರುತ್ತಾ? ಹಳೇ ಫೈಲ್ ಓಪನ್ ಆಗುತ್ತಾ?" ಪೇಜ್‌ಮೇಕರ್ ಅಂದರೆ ಪುಟ ವಿನ್ಯಾಸ ಮಾಡುವ ಅಡೋಬಿ ಕಂಪನಿಯ ಸಾಫ್ಟ್‌ವೇರ್, ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ, ಜಾತ್ರೆ ಬಂದರೆ ಕರಪತ್ರ, ಸಹಕಾರ ಸಂಘದ ಮಹಾಸಭೆ ಬಂದರೆ ವಾರ್ಷಿಕ ವರದಿ. ಬಹುಪಾಲು ಹೋದ ವರ್ಷದ ಫೈಲ್ ತೆಗೆದು, ಹೆಸರು, ತಾರೀಖು, ಮುಹೂರ್ತ ತಿದ್ದಿ ಕೊಡುವ ಕೆಲಸ. ಆ ಫೈಲ್‌ಗಳು ಇರೋದು ಪೇಜ್‌ಮೇಕರ್ 7ರಲ್ಲಿ. ಆ ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ತನ್ನ ಇನ್ನೊಂದು ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್ ಕಡೆ ಹೊರಟಿತು, ಪೇಜ್‌ಮೇಕರ್ ಅಲ್ಲಿಗೇ ನಿಂತಿತು. ನಮ್ಮೂರಲ್ಲಿ ಮಾತ್ರ ನಿಲ್ಲಲಿಲ್ಲ.

ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸ್‌ಗೆ ಹೋದವಲ್ಲ, ನಮಗೇಕೆ ಆಗೋದಿಲ್ಲ ಎಂದು ಕೇಳುವವರಿದ್ದಾರೆ. ಶಾಲೆಯ ಮಗು ಹೊಸದಾಗಿ ಕಲಿಯುತ್ತದೆ. ಅದರ ಹಿಂದೆ ಇಪ್ಪತ್ತು ವರ್ಷದ ಫೈಲ್‌ಗಳ ಹೊರೆ ಇರೋದಿಲ್ಲ. ಅಂಗಡಿಗೆ ಆ ಹೊರೆಯೇ ಬಂಡವಾಳ. ಹಾಗಾಗಿ ಇಲ್ಲಿ ಬೇಕಿರುವುದು ಈಗಿರುವ ವಾಣಿಜ್ಯ ಸಾಫ್ಟ್‌ವೇರನ್ನು ಹಾಗೇ ಓಡಿಸಬಲ್ಲ ಮುಕ್ತ ವ್ಯವಸ್ಥೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಬಳಸಬಹುದಾದ ವ್ಯವಸ್ಥೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಗತ್ತಿನ ಬೇರೆ ಬೇರೆ ಕಡೆ ಜನ ಅದಕ್ಕಾಗಿ ಕೂತು ಕೆಲಸ ಮಾಡುತ್ತಿದ್ದಾರೆ. ಎಷ್ಟು ಗೆದ್ದಿದ್ದಾರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ತಿಳಿದುಕೊಂಡರೆ ನಮ್ಮ ಜಿಲ್ಲೆಯವರಿಗೆ ನೇರವಾಗಿ ಉಪಯೋಗವಿದೆ.

ಮೊದಲು ಇದು ಹೇಗೆ ಸಾಧ್ಯ ಅನ್ನೋದನ್ನು ನೋಡೋಣ. ಯಾವ ಪ್ರೋಗ್ರಾಮೂ ಎಲ್ಲ ಕೆಲಸವನ್ನು ತಾನೇ ಮಾಡೋದಿಲ್ಲ. ಫೈಲ್ ತೆರೆಯಬೇಕು, ಪರದೆಯ ಮೇಲೆ ಅಕ್ಷರ ಮೂಡಿಸಬೇಕು, ಪ್ರಿಂಟರ್‌ಗೆ ಕಳಿಸಬೇಕು ಅಂದಾಗಲೆಲ್ಲ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಹಾಗೆ ಕೇಳಲು ಗೊತ್ತುಮಾಡಿದ ಹೆಸರುಗಳಿವೆ. ವಿಂಡೋಸ್‌ನಲ್ಲಿ ಫೈಲ್ ತೆರೆಯಲು 'ಕ್ರಿಯೇಟ್‌ಫೈಲ್', ಅಕ್ಷರ ಮೂಡಿಸಲು 'ಟೆಕ್ಸ್ಟ್‌ಔಟ್'. ಇಂಥ ಸಾವಿರಾರು ಹೆಸರುಗಳು ಸೇರಿದ್ದೇ ವಿಂಡೋಸ್‌ನ ಎಪಿಐ. ಹೋಟೆಲ್‌ನಲ್ಲಿ ಭಟ್ಟರು ಬದಲಾದರೂ ಬೋರ್ಡಿನಲ್ಲಿ 'ತಟ್ಟೆ ಇಡ್ಲಿ' ಅಂತಲೇ ಇರುತ್ತದೆ, ಗಿರಾಕಿ ಅದನ್ನೇ ಕೇಳುತ್ತಾನೆ. ಅದೇ ಹೆಸರುಗಳನ್ನು ಬೋರ್ಡಿಗೆ ಹಾಕಿ, ಒಳಗಿನ ಅಡುಗೆಯನ್ನು ಪೂರ್ತಿ ಹೊಸದಾಗಿ ಮಾಡಿದರೆ ಪ್ರೋಗ್ರಾಂಗೆ ವ್ಯತ್ಯಾಸ ಗೊತ್ತಾಗಬಾರದು.

ಗೊತ್ತಾಗುತ್ತದೆ, ಅದೇ ಕಷ್ಟ. ಕೈಪಿಡಿಯಲ್ಲಿ ಬರೆಯದ ನಡವಳಿಕೆಗಳನ್ನೂ ನಂಬಿ ಪ್ರೋಗ್ರಾಂಗಳನ್ನು ಬರೆದಿರುತ್ತಾರೆ. ಸಿಮ್‌ಸಿಟಿ ಎಂಬ ಹಳೆಯ ಗೇಮ್ ಇದಕ್ಕೆ ಪ್ರಸಿದ್ಧ ಉದಾಹರಣೆ. ತಾನು ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಓದುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಆ ತಪ್ಪು ನಡೆದುಹೋಗುತ್ತಿತ್ತು, ವಿಂಡೋಸ್ 95ರಲ್ಲಿ ನಡೆಯಲಿಲ್ಲ. ಕೊನೆಗೆ ಮೈಕ್ರೋಸಾಫ್ಟ್‌ನವರೇ ಆ ಒಂದು ಗೇಮ್‌ಗೋಸ್ಕರ ವಿಂಡೋಸ್ ಒಳಗೆ ವಿಶೇಷ ಏರ್ಪಾಟು ಮಾಡಿದರು. ಮೂಲ ಕೋಡ್ ಕೈಯಲ್ಲಿದ್ದವರ ಪಾಡೇ ಇದು. ಹೊರಗೆ ಕೂತು ಊಹಿಸಿ ಬರೆಯುವವರ ಪಾಡು ಕೇಳಬೇಕಾ?

ಆ ಕೆಲಸಕ್ಕೆ ಮೊದಮೊದಲು ಕೈ ಹಾಕಿದವುಗಳಲ್ಲಿ 1993ರಲ್ಲಿ ಶುರುವಾದ ವೈನ್ ಯೋಜನೆ ಒಂದು. ಇದು ಆಪರೇಟಿಂಗ್ ಸಿಸ್ಟಂ ಅಲ್ಲ. ಲಿನಕ್ಸ್ ಮೇಲೆ ಕೂರುವ ಒಂದು ಪದರ. ವಿಂಡೋಸ್ ಪ್ರೋಗ್ರಾಂ 'ಕ್ರಿಯೇಟ್‌ಫೈಲ್' ಎಂದು ಕೇಳಿದರೆ ವೈನ್ ಅದನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಕೇಳಿ ಉತ್ತರ ತಂದುಕೊಡುತ್ತದೆ. 1994ರಿಂದ ಇದರ ಮುಂದಾಳು ಅಲೆಕ್ಸಾಂಡರ್ ಜೂಲಿಯಾರ್. 1.0 ಆವೃತ್ತಿ ಬಂದದ್ದು 2008ರ ಜೂನ್‌ನಲ್ಲಿ, ಅಂದರೆ ಹದಿನೈದು ವರ್ಷದ ಮೇಲೆ. ಅಷ್ಟು ತಡವಾದರೂ ಕೆಲಸ ನಿಲ್ಲಲಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣ ಹಣ. ಕೋಡ್‌ವೀವರ್ಸ್ ಎಂಬ ಕಂಪನಿ ವೈನ್ ಆಧರಿಸಿದ ಉತ್ಪನ್ನ ಮಾರಿ ಡೆವಲಪರ್‌ಗಳಿಗೆ ಸಂಬಳ ಕೊಟ್ಟಿತು. 2018ರಲ್ಲಿ ಗೇಮ್ ಕಂಪನಿ ವಾಲ್ವ್, ವೈನ್ ಆಧರಿಸಿ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದಿತು. 2022ರಲ್ಲಿ ಅದೇ ಕಂಪನಿ ಲಿನಕ್ಸ್ ಮೇಲೆ ನಡೆಯುವ ಸ್ಟೀಮ್ ಡೆಕ್ ಎಂಬ ಗೇಮ್ ಯಂತ್ರ ಮಾರತೊಡಗಿತು. ವಿಂಡೋಸ್‌ಗಾಗಿ ಬರೆದ ಗೇಮ್‌ಗಳು ಅದರಲ್ಲಿ ಓಡಲೇಬೇಕಿತ್ತು, ಇಲ್ಲವಾದರೆ ವ್ಯಾಪಾರ ಇಲ್ಲ. ಹಾಗಾಗಿ ದುಡ್ಡು ಹರಿಯಿತು, ವೈನ್ ಬಲವಾಯಿತು.

ಡಿಟಿಪಿ ಅಂಗಡಿಯ ಕೆಲಸಕ್ಕೆ ಮೊದಲು ನೋಡಬೇಕಾದ್ದು ವೈನ್ ಅನ್ನೇ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಬಿಟ್ ಅಂದರೆ ಪ್ರೊಸೆಸರ್ ಒಂದು ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ, 16 ಬಿಟ್ ಹಳೆಯದು, 64 ಬಿಟ್ ಈಗಿನದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ತೊಂಬತ್ತರ ದಶಕದ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಪ್ರೋಗ್ರಾಂ 32 ಬಿಟ್ ಆಗಿದ್ದರೂ ಇನ್‌ಸ್ಟಾಲರ್ 16 ಬಿಟ್. ವೈನ್ 64 ಬಿಟ್ ಲಿನಕ್ಸ್ ಮೇಲೂ ಅಂಥವನ್ನು ಓಡಿಸಬಲ್ಲದು. ಅಂದರೆ ಹೊಸ ವಿಂಡೋಸ್ ಕೈಬಿಟ್ಟ ಕೆಲವು ಪ್ರೋಗ್ರಾಂಗಳು ಲಿನಕ್ಸ್‌ನಲ್ಲಿ ಬದುಕಿವೆ.

ಈಗ ಅಂಗಡಿಯಿಂದ ವೇಬ್ರಿಡ್ಜ್‌ಗೆ ಹೋಗೋಣ. ಬಟವಾಡಿ ಎಪಿಎಂಸಿಗೆ ಹುಣಸೆಹಣ್ಣಿನ ಸುಗ್ಗಿಯಲ್ಲಿ ಬರುವ ಲಾರಿ, ಟೆಂಪೋಗಳನ್ನು ತೂಗುವ ವೇಬ್ರಿಡ್ಜ್ ಎಂದುಕೊಳ್ಳಿ. ಲಾರಿ ನಿಲ್ಲುವ ಪ್ಲಾಟ್‌ಫಾರ್ಮ್ ಕೆಳಗೆ ಲೋಡ್ ಸೆಲ್‌ಗಳಿವೆ. ಅವುಗಳ ಸಂಕೇತ ಕೋಣೆಯೊಳಗಿನ ಇಂಡಿಕೇಟರ್ ಪೆಟ್ಟಿಗೆಗೆ ಬರುತ್ತದೆ, ಕೆಂಪು ಅಂಕಿಗಳಲ್ಲಿ ತೂಕ ಕಾಣುತ್ತದೆ. ಆ ಪೆಟ್ಟಿಗೆ ಸೀರಿಯಲ್ ಕೇಬಲ್ ಮೂಲಕ ಅದೇ ಅಂಕಿಗಳನ್ನು ಕಂಪ್ಯೂಟರ್‌ಗೆ ಕಳಿಸುತ್ತಾ ಇರುತ್ತದೆ. ಸಾಫ್ಟ್‌ವೇರ್ ಗಾಡಿ ನಂಬರ್ ಜೊತೆ ಲೋಡ್ ತೂಕ, ಖಾಲಿ ತೂಕ ಬರೆದಿಟ್ಟುಕೊಂಡು, ಕಳೆದು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಚೀಟಿ ಕೊಡುತ್ತದೆ. ರೈತನಿಗೆ ಸಿಗುವ ದುಡ್ಡು ಆ ಚೀಟಿಯ ಮೇಲೆ ನಿಂತಿದೆ. ಇಂಥ ಸಾಫ್ಟ್‌ವೇರ್ ಹಲವು ಕಡೆ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ.

ಇಲ್ಲಿ ವೈನ್ ಅರ್ಧ ದಾರಿ ಬರುತ್ತದೆ. ಸೀರಿಯಲ್ ಪೋರ್ಟ್ ತೊಂದರೆ ಕೊಡೋದಿಲ್ಲ. ಆ ಪೋರ್ಟನ್ನು ಓದಲು ಲಿನಕ್ಸ್‌ಗೇ ಬರುತ್ತದೆ, ವೈನ್ ಅದನ್ನು ಪ್ರೋಗ್ರಾಂಗೆ 'ಕಾಮ್ 1' ಎಂದು ತೋರಿಸುತ್ತದೆ. ತೊಂದರೆ ಇರೋದು ಕಂಪ್ಯೂಟರ್ ಹಿಂದೆ ಸಿಕ್ಕಿಸಿರುವ ಡಾಂಗಲ್‌ನಲ್ಲಿ. ಸಾಫ್ಟ್‌ವೇರ್ ಕಾಪಿ ಆಗಬಾರದು ಅಂತ ಕಂಪನಿ ಕೊಟ್ಟ ಬೀಗ ಅದು. ಡಾಂಗಲ್ ಜೊತೆ ಮಾತಾಡಲು ಅದರದ್ದೇ ಡ್ರೈವರ್ ಬೇಕು. ಡ್ರೈವರ್ ಅಂದರೆ ಮಾಮೂಲಿ ಪ್ರೋಗ್ರಾಂ ಅಲ್ಲ, ವಿಂಡೋಸ್‌ನ ಕರ್ನಲ್, ಅಂದರೆ ಹಾರ್ಡ್‌ವೇರನ್ನು ನೇರವಾಗಿ ನಡೆಸುವ ತಿರುಳಿನ ಒಳಗೇ ಹೋಗಿ ಕೂರುವ ತುಣುಕು. ವೈನ್‌ನಲ್ಲಿ ವಿಂಡೋಸ್ ಕರ್ನಲ್ಲೇ ಇಲ್ಲ, ಅಲ್ಲಿರುವುದು ಲಿನಕ್ಸ್ ಕರ್ನಲ್. ಹಾಗಾಗಿ ಇಂಥ ಹಾರ್ಡ್‌ವೇರ್ ಡ್ರೈವರ್‌ಗಳು ಸಾಮಾನ್ಯವಾಗಿ ಅದರಲ್ಲಿ ನಡೆಯುವುದಿಲ್ಲ. ವಿಂಡೋಸ್ 11 ಕೊಂಡರೂ ಬಿಡುಗಡೆ ಇಲ್ಲ. 64 ಬಿಟ್ ವಿಂಡೋಸ್ 32 ಬಿಟ್ ಡ್ರೈವರ್‌ಗಳನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಹೊಸ ಡ್ರೈವರ್ ಕೊಡಬೇಕಾದ ಕಂಪನಿಯೇ ಮುಚ್ಚಿಹೋಗಿದ್ದರೆ ಯಾರನ್ನು ಕೇಳೋದು? ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಯಂತ್ರವನ್ನು ಹಳೆಯ ಕಂಪ್ಯೂಟರ್‌ಗೆ ಕಟ್ಟಿಕೊಂಡು ನಡೆಸುವ ಸಣ್ಣ ವರ್ಕ್‌ಶಾಪ್‌ಗೂ ಬರುವ ಕಷ್ಟ ಇದೇ.

ಈ ಜಾಗಕ್ಕೇ ರಿಯಾಕ್ಟ್‌ಓಎಸ್ ಬರುವುದು. 1996ರಲ್ಲಿ ಕೆಲವರು ವಿಂಡೋಸ್ 95ರ ಮುಕ್ತ ಪ್ರತಿ ಮಾಡುತ್ತೇವೆ ಎಂದು ಫ್ರೀವಿನ್95 ಶುರುಮಾಡಿದರು. ಚರ್ಚೆ ಜಾಸ್ತಿಯಾಯಿತು, ಕೋಡ್ ಕಡಿಮೆಯಾಯಿತು, ನಿಂತಿತು. 1998ರಲ್ಲಿ ಜೇಸನ್ ಫಿಲ್ಬಿ ಮುಂದಾಳತ್ವದಲ್ಲಿ ಮತ್ತೆ ಹೊರಟಾಗ ಹೆಸರು ರಿಯಾಕ್ಟ್‌ಓಎಸ್ ಆಯಿತು, ಗುರಿ ವಿಂಡೋಸ್ ಎನ್‌ಟಿ, ಅಂದರೆ ಎಕ್ಸ್‌ಪಿಯೂ ಸೇರಿರುವ ವಿಂಡೋಸ್ ಕುಟುಂಬ ಆಯಿತು. ಇದರಲ್ಲಿ ಲಿನಕ್ಸ್ ಇಲ್ಲವೇ ಇಲ್ಲ. ವಿಂಡೋಸ್ ಎನ್‌ಟಿಯ ರೀತಿಯದೇ ಕರ್ನಲ್ ಅನ್ನು ಹೊಸದಾಗಿ ಬರೆದಿದ್ದಾರೆ. ಮೇಲಿನ ಭಾಗಗಳಿಗೆ ವೈನ್‌ನ ಕೋಡನ್ನು ಬಹಳಷ್ಟು ಬಳಸಿಕೊಂಡಿದ್ದಾರೆ. ವಿಂಡೋಸ್‌ನ ಪ್ರೋಗ್ರಾಂ ಮಾತ್ರವಲ್ಲ, ವಿಂಡೋಸ್‌ನ ಡ್ರೈವರ್ ಕೂಡ ಇದರಲ್ಲಿ ನಡೆಯಬೇಕು ಅನ್ನೋದು ಗುರಿ.

ಇಷ್ಟು ವರ್ಷವಾದರೂ ರಿಯಾಕ್ಟ್‌ಓಎಸ್ ಆಲ್ಫಾ ಎಂಬ ಆರಂಭದ ಪರೀಕ್ಷಾ ಹಂತ ದಾಟಿಲ್ಲ. 0.4.0 ಬಂದದ್ದು 2016ರಲ್ಲಿ, 0.4.14 ಬಂದದ್ದು 2021ರ ಡಿಸೆಂಬರ್‌ನಲ್ಲಿ, 0.4.15 ಬಂದದ್ದು 2025ರ ಮಾರ್ಚ್‌ನಲ್ಲಿ. ದಿನನಿತ್ಯದ ಕೆಲಸಕ್ಕೆ ಬಳಸಬೇಡಿ ಎಂದು ಅದನ್ನು ಮಾಡುವವರೇ ಹೇಳುತ್ತಾರೆ. ಅದರ ಗುರಿ ಇವತ್ತಿಗೂ ಮುಖ್ಯವಾಗಿ ವಿಂಡೋಸ್ ಸರ್ವರ್ 2003. ಇಪ್ಪತ್ತು ವರ್ಷ ಹಳೆಯ ವಿಂಡೋಸ್ ನಕಲು ಮಾಡಿ ಏನು ಪ್ರಯೋಜನ ಎಂದು ತಾಂತ್ರಿಕ ವಲಯದಲ್ಲಿ ಎಷ್ಟೋ ಜನ ಇದನ್ನು ಆಡಿಕೊಳ್ಳುತ್ತಾರೆ.

ನನಗೆ ಆ ಮಾತು ಒಪ್ಪಿಗೆಯಿಲ್ಲ. ಹೊಸ ವಿಂಡೋಸ್ ಪ್ರತಿ ವರ್ಷ ಬದಲಾಗುತ್ತದೆ. ಅದನ್ನು ಬೆನ್ನಟ್ಟಿ ಹಿಡಿಯಲು ಕೆಲವೇ ಸ್ವಯಂಸೇವಕರಿಗೆ ಆಗದು. ಸರ್ವರ್ 2003 ಮಾತ್ರ ಇನ್ನು ಬದಲಾಗುವುದಿಲ್ಲ. ಎಕ್ಸ್‌ಪಿಯ ಹತ್ತಿರದ ಸಂಬಂಧಿ ಅದು. ವೇಬ್ರಿಡ್ಜ್ ಸಾಫ್ಟ್‌ವೇರ್, ಡಾಂಗಲ್ ಡ್ರೈವರ್, ವರ್ಕ್‌ಶಾಪ್ ಯಂತ್ರದ ಸಾಫ್ಟ್‌ವೇರ್ ಎಲ್ಲ ಬರೆದದ್ದು ಆ ಕಾಲದ ವಿಂಡೋಸ್‌ಗೇ. ನಿಂತ ಗುರಿಯನ್ನು ನಿಧಾನವಾಗಿಯಾದರೂ ಮುಟ್ಟಬಹುದು. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ತೆಗೆದು ರಿಯಾಕ್ಟ್‌ಓಎಸ್ ಹಾಕಿಕೊಳ್ಳಿ ಎಂದು ಯಾರಿಗೂ ನಾನು ಹೇಳುವುದಿಲ್ಲ. ಆದರೆ ಲಿನಕ್ಸ್ ಒಳಗೆ ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಒಂದು ಕಂಪ್ಯೂಟರ್ ಮಾಡಿ, ಅದರೊಳಗೆ ರಿಯಾಕ್ಟ್‌ಓಎಸ್ ನಡೆಸುವ ದಾರಿ ಇದೆ. ಆಗ ಡಿಸ್‌ಪ್ಲೇ, ನೆಟ್‌ವರ್ಕ್, ಹಾರ್ಡ್‌ಡಿಸ್ಕ್ ಎಲ್ಲ ವರ್ಚುವಲ್ ಮಷೀನ್ ತೋರಿಸುವ ಒಂದೇ ಬಗೆಯ ಹಾರ್ಡ್‌ವೇರ್. ಸಾವಿರಾರು ಬಗೆಯ ಮದರ್‌ಬೋರ್ಡ್‌ಗಳ ಕಾಟ ತಪ್ಪುತ್ತದೆ. ಯುಎಸ್‌ಬಿ ಡಾಂಗಲ್ ಒಂದನ್ನು ಮಾತ್ರ ಒಳಗೆ ದಾಟಿಸಬೇಕು. 0.4.15ರಲ್ಲಿ ಪ್ಲಗ್ ಅಂಡ್ ಪ್ಲೇ, ಅಂದರೆ ಸಿಕ್ಕಿಸಿದ ಸಾಧನವನ್ನು ತಾನೇ ಗುರುತಿಸುವ ಭಾಗವನ್ನು ಬಹಳಷ್ಟು ಸರಿಮಾಡಿರುವುದು ಇದೇ ಕಾರಣಕ್ಕೆ ನನಗೆ ದೊಡ್ಡ ಸುದ್ದಿ ಅನ್ನಿಸಿತು.

ಇವತ್ತೇ ಕೆಲಸ ನಡೆಯಬೇಕು ಅಂದರೆ ಆ ವರ್ಚುವಲ್ ಮಷೀನ್ ಒಳಗೆ ತಮ್ಮ ಹಳೆಯ, ಲೈಸೆನ್ಸ್ ಇರುವ ವಿಂಡೋಸನ್ನೇ ನಡೆಸಬೇಕು. ಅದನ್ನು ಇಂಟರ್‌ನೆಟ್‌ಗೆ ಜೋಡಿಸಬಾರದು. ರಿಯಾಕ್ಟ್‌ಓಎಸ್ ಆ ಜಾಗಕ್ಕೆ ಮುಂದೆ ಬರಬೇಕಾದದ್ದು.

ಇದೆಲ್ಲ ಕಾನೂನಿಗೆ ಒಪ್ಪುತ್ತಾ ಎಂಬ ಅನುಮಾನ ಸಹಜ. ಎಂಬತ್ತರ ದಶಕದಲ್ಲಿ ಐಬಿಎಂ ಕಂಪ್ಯೂಟರ್‌ನ ಬಯಾಸ್ ಅನ್ನು, ಅಂದರೆ ಅದನ್ನು ಚಾಲೂ ಮಾಡುವ ಮೂಲ ಪ್ರೋಗ್ರಾಂ ಅನ್ನು, ಕಾಂಪ್ಯಾಕ್ ಮತ್ತು ಫೀನಿಕ್ಸ್ ಕಂಪನಿಗಳು ಹೊಸದಾಗಿ ಬರೆದವು. ಒಂದು ಗುಂಪು ಮೂಲವನ್ನು ನೋಡಿ ಅದು ಏನೇನು ಮಾಡುತ್ತದೆ ಎಂದು ಬರೆದುಕೊಟ್ಟಿತು. ಮೂಲವನ್ನು ನೋಡೇ ಇರದ ಇನ್ನೊಂದು ಗುಂಪು ಆ ಬರಹ ಓದಿ ಕೋಡ್ ಬರೆಯಿತು. ಇದಕ್ಕೆ ಕ್ಲೀನ್ ರೂಂ ವಿಧಾನ ಎನ್ನುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಒರಾಕಲ್ ಮತ್ತು ಗೂಗಲ್ ನಡುವಿನ ಮೊಕದ್ದಮೆಯಲ್ಲಿ, ಜಾವಾ ಎಪಿಐನ ಸುಮಾರು 11,500 ಸಾಲುಗಳನ್ನು ಗೂಗಲ್ ಬಳಸಿದ್ದು ನ್ಯಾಯಯುತ ಬಳಕೆ ಎಂದಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲೂ ಅವಕಾಶವಿದೆ. ಕಾನೂನುಬದ್ಧವಾಗಿ ಸಾಫ್ಟ್‌ವೇರ್ ಹೊಂದಿದವರು, ತಾವು ಸ್ವತಂತ್ರವಾಗಿ ಬರೆದ ಪ್ರೋಗ್ರಾಂ ಅದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ, ಬೇರೆ ಕಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಪಡೆದುಕೊಳ್ಳಬಹುದು.

ಹೀಗಿದ್ದರೂ ಎಚ್ಚರ ತಪ್ಪಿದರೆ ದುಬಾರಿ. 2006ರ ಜನವರಿಯಲ್ಲಿ ರಿಯಾಕ್ಟ್‌ಓಎಸ್‌ನೊಳಗೇ ಒಬ್ಬರು, ಕೆಲವು ಕೋಡ್ ವಿಂಡೋಸ್ ಅನ್ನು ನೇರವಾಗಿ ಬಿಚ್ಚಿ ನೋಡಿ ಬರೆದಂತಿದೆ ಎಂದು ಆಕ್ಷೇಪ ಎತ್ತಿದರು. ಇಡೀ ಕೋಡನ್ನು ಪರಿಶೀಲನೆಗೆ ಹಾಕಿ, ಅನುಮಾನ ಬಂದ ಭಾಗಗಳನ್ನು ಮತ್ತೆ ಬರೆಯಬೇಕಾಯಿತು. ಕೆಲಸ ಬಹಳ ಹಿಂದೆ ಬಿತ್ತು. ಸೋರಿಕೆಯಾದ ವಿಂಡೋಸ್ ಕೋಡ್ ನೋಡಿದವರಿಂದ ವೈನ್ ಆಗಲಿ, ರಿಯಾಕ್ಟ್‌ಓಎಸ್ ಆಗಲಿ ಕೋಡ್ ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಪಿ ಕೋಡ್ 2020ರ ಸೆಪ್ಟೆಂಬರ್‌ನಲ್ಲಿ ಸೋರಿಕೆಯಾಗಿ ಎಲ್ಲೆಡೆ ಹರಡಿತು. ಇಂಥ ಯೋಜನೆಗೆ ಸೇರುವ ಆಸೆಯಿರುವ ನಮ್ಮ ಇಂಜಿನಿಯರಿಂಗ್ ಹುಡುಗರು, ಹುಡುಗಿಯರು ಕುತೂಹಲಕ್ಕೂ ಅದನ್ನು ತೆರೆಯಬಾರದು. ಹಾಗೆಯೇ, ವೈನ್‌ನಲ್ಲಿ ಓಡಿಸಿದ ಮಾತ್ರಕ್ಕೆ ಪೈರೇಟೆಡ್ ಪೇಜ್‌ಮೇಕರ್ ಅಸಲಿ ಆಗೋದಿಲ್ಲ. ಲೈಸೆನ್ಸ್ ಬೇಕೇ ಬೇಕು.

ಇನ್ನು ಕನ್ನಡದ ವಿಷಯ. ಜಗತ್ತಿನ ಬೇರೆ ಯಾರೂ ನಮಗಾಗಿ ಮಾಡದ ಕೆಲಸ ಇರೋದು ಇಲ್ಲೇ.

ಹಳೆಯ ನುಡಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದಾರೆ. ತಲೆಕಟ್ಟು, ಗುಡಿಸು, ಒತ್ತು ಎಲ್ಲ ಬಿಡಿಬಿಡಿ. ನುಡಿ ಸಾಫ್ಟ್‌ವೇರ್ ಕೀಲಿಮಣೆಯಲ್ಲಿ ಒತ್ತಿದ್ದನ್ನು ನಡುವೆಯೇ ಹಿಡಿದು, ಫಾಂಟ್‌ಗೆ ತಕ್ಕ ತುಣುಕುಗಳಾಗಿ ಜೋಡಿಸಿ ಪೇಜ್‌ಮೇಕರ್‌ಗೆ ಕೊಡುತ್ತದೆ. ವೈನ್‌ನಲ್ಲಿ ಹಳೆಯ ಫೈಲ್ ತೆರೆದರೆ, ಫಾಂಟ್ ಇದ್ದರೆ ಸಾಕು, ಅಕ್ಷರ ಕಾಣುತ್ತದೆ. ಹೊಸದಾಗಿ ಟೈಪ್ ಮಾಡುವುದು ಬೇರೆ ಮಾತು. ವೈನ್ ಒಳಗಿನ ಪ್ರೋಗ್ರಾಂ ಕೀಲಿಗಳನ್ನು ಹಿಡಿಯಬಲ್ಲದ್ದು ವೈನ್ ಒಳಗೆ ಮಾತ್ರ. ಹಾಗಾಗಿ ನುಡಿ ಮತ್ತು ಪೇಜ್‌ಮೇಕರ್ ಎರಡೂ ವೈನ್‌ನಲ್ಲಿ, ಒಂದೇ ಕಡೆ ಇರಬೇಕು. ಲಿನಕ್ಸ್‌ನಲ್ಲೇ ನುಡಿಗೆ ಹೋಲುವ ಕೆಜಿಪಿ ಕೀಲಿಮಣೆ ಇದೆಯಲ್ಲ ಎನ್ನಬಹುದು. ಇದೆ, ಚೆನ್ನಾಗಿಯೂ ಇದೆ. ಆದರೆ ಅದು ಕೊಡುವುದು ಯುನಿಕೋಡ್, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಜಾಗತಿಕ ಪದ್ಧತಿ, ಪೇಜ್‌ಮೇಕರ್ 7ಕ್ಕೆ ಯುನಿಕೋಡ್ ತಿಳಿಯದು.

ಯುನಿಕೋಡ್‌ನಲ್ಲಿ ಕೆಲಸ ಮಾಡುವ ಪ್ರೋಗ್ರಾಂಗಳಲ್ಲಿ ಕಷ್ಟ ಇನ್ನೊಂದು ಬಗೆಯದು. 'ಸೂರ್ಯ' ಎಂದು ಟೈಪ್ ಮಾಡುವಾಗ ಮೊದಲು ರ, ಆಮೇಲೆ ಹಲಂತ, ಆಮೇಲೆ ಯ ಬರುತ್ತದೆ. ಪರದೆಯಲ್ಲಿ ಮಾತ್ರ ಯ ಮೊದಲು, ಅರ್ಕಾವತ್ತು ಅದರ ಬಲಕ್ಕೆ. 'ರ‍್ಯಾಂಕ್' ಬರೆಯುವಾಗ ಹಾಗಾಗಬಾರದು, ರ ಹಾಗೇ ನಿಂತು ಯ ಒತ್ತಾಗಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಹಾಕಬೇಕು. ಈ ಅದಲುಬದಲನ್ನೆಲ್ಲ ಮಾಡುವ ಭಾಗ ವಿಂಡೋಸ್‌ನಲ್ಲಿ ಯುನಿಸ್ಕ್ರೈಬ್. ವೈನ್‌ನವರು ಅದನ್ನೂ ತಮ್ಮದೇ ರೀತಿಯಲ್ಲಿ ಬರೆದಿದ್ದಾರೆ. ಅದರಲ್ಲಿ 'ರ‍್ಯಾಂಕ್' ಕೆಟ್ಟು ಮೂಡಿದರೆ ಫ್ರಾನ್ಸ್‌ನಲ್ಲೋ ಅಮೆರಿಕದಲ್ಲೋ ಕೂತ ಡೆವಲಪರ್ ಕಣ್ಣಿಗೆ ಬೀಳೋದೇ ಇಲ್ಲ. ತಪ್ಪು ಅಂತ ಗೊತ್ತಾಗುವುದು ಕನ್ನಡ ಓದುವವರಿಗೆ ಮಾತ್ರ.

ಇದಕ್ಕೆ ಭಾರೀ ಪ್ರೋಗ್ರಾಮಿಂಗ್ ಬೇಕಿಲ್ಲ. ವೈನ್‌ನಲ್ಲಿ ಪರೀಕ್ಷಾ ಪ್ರೋಗ್ರಾಂಗಳ ಒಂದು ದೊಡ್ಡ ಕಟ್ಟು ಇದೆ. ಒಂದು ಸಣ್ಣ ಪರೀಕ್ಷೆಯನ್ನು ಅಸಲಿ ವಿಂಡೋಸ್ ಮೇಲೆ ಓಡಿಸಿ ಉತ್ತರ ನೋಡುತ್ತಾರೆ, ಅದೇ ಉತ್ತರ ವೈನ್‌ನಲ್ಲೂ ಬರಬೇಕು. ರಿಯಾಕ್ಟ್‌ಓಎಸ್ ಕೂಡ ಅದನ್ನೇ ಬಳಸಿಕೊಳ್ಳುತ್ತದೆ. ತುಮಕೂರಿನ ಯಾವುದೇ ಇಂಜಿನಿಯರಿಂಗ್ ಕಾಲೇಜಿನ ಕೊನೇ ವರ್ಷದ ತಂಡ ಕನ್ನಡ ಒತ್ತಕ್ಷರಗಳಿಗೆ ಇಂಥ ಪರೀಕ್ಷೆಗಳನ್ನು ಒಂದು ಸೆಮಿಸ್ಟರ್‌ನಲ್ಲಿ ಬರೆಯಬಹುದು. ಯಾರೂ ಬಳಸದ ಲೈಬ್ರರಿ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ಮಾಡಿ ಮೂಲೆಗೆ ಎಸೆಯುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಸರ್ಕಾರದ ಪಾಲೂ ಇದೆ. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಕೇಂದ್ರದ ನೀತಿ 2015ರಲ್ಲೇ ಬಂದಿದೆ. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ ಮಾಡಿದ ಬಾಸ್ ಲಿನಕ್ಸ್ 2007ರಿಂದ ಇದೆ. ವೈನ್‌ಗೆ ವಾಲ್ವ್ ಹಣ ಹಾಕಿದ್ದು ಅದರ ಗೇಮ್‌ಗಳು ಓಡಬೇಕಿದ್ದರಿಂದ. ಕನ್ನಡ ಸಾಫ್ಟ್‌ವೇರ್ ಓಡಲೇಬೇಕು ಎಂಬ ಅಗತ್ಯ ಇರುವುದು ಕರ್ನಾಟಕ ಸರ್ಕಾರಕ್ಕೆ. ಸಾರ್ವಜನಿಕ ಹಣದಲ್ಲಿ ಮಾಡಿಸುವ ಯಾವುದೇ ಸಾಫ್ಟ್‌ವೇರ್‌ನ ಟೆಂಡರ್‌ನಲ್ಲಿ 'ಲಿನಕ್ಸ್‌ನಲ್ಲಿ ನೇರವಾಗಿ ಅಥವಾ ವೈನ್ ಮೂಲಕ ನಡೆಯುವುದನ್ನು ತೋರಿಸಬೇಕು' ಎಂಬ ಒಂದು ಷರತ್ತು ಸೇರಿಸಲಿ. ಡಾಂಗಲ್, ಬೆರಳಚ್ಚು ಯಂತ್ರ ಕೊಳ್ಳುವಾಗ ಲಿನಕ್ಸ್ ಡ್ರೈವರ್ ಕೇಳಲಿ. ಕೊಂಡ ಮೇಲೆ ಕೇಳಿದರೆ ಯಾವ ಕಂಪನಿಯೂ ಕೊಡೋದಿಲ್ಲ.

ಅಂಗಡಿಯವರು ಈಗಲೇ ಮಾಡಬಹುದಾದದ್ದು ಏನು? ಮೊದಲು ಹಳೆಯ ಹಾರ್ಡ್‌ಡಿಸ್ಕ್‌ನ ಪೂರ್ತಿ ಇಮೇಜ್, ಅಂದರೆ ಇದ್ದ ಹಾಗೇ ಒಂದು ನಕಲು ತೆಗೆದಿಡಿ. ಡ್ರೈವರ್ ಸಿಡಿ, ಲೈಸೆನ್ಸ್ ನಂಬರ್ ಸಿಕ್ಕಿದರೆ ಅದರ ಜೊತೆಗೇ ಇಡಿ. ಲಿಬ್ರೆಆಫೀಸ್ ಎಂಬ ಮುಕ್ತ ಆಫೀಸ್ ಸಾಫ್ಟ್‌ವೇರ್ 2015ರ 4.4 ಆವೃತ್ತಿಯಿಂದ ಪೇಜ್‌ಮೇಕರ್ ಫೈಲ್‌ಗಳನ್ನು ತೆರೆಯುತ್ತದೆ. ವಿನ್ಯಾಸ ಅಲ್ಲಲ್ಲಿ ಕದಲಬಹುದು, ಆದರೂ ಒಳಗಿನ ಬರಹ ಕೈಗೆ ಸಿಗುತ್ತದೆ. ಅದನ್ನು ಪರಿವರ್ತಕದ ಮೂಲಕ ಯುನಿಕೋಡ್ ಮಾಡಿಕೊಳ್ಳಬಹುದು. ಪದೇ ಪದೇ ಬರುವ ಫೈಲ್‌ಗಳನ್ನು ಹೀಗೆ ಒಂದೊಂದಾಗಿ ದಾಟಿಸುತ್ತಾ ಬನ್ನಿ. ಬಳಸದೆ ಬಿದ್ದಿರುವ ಒಂದು ಕಂಪ್ಯೂಟರ್‌ಗೆ ಲಿನಕ್ಸ್ ಮತ್ತು ವೈನ್ ಹಾಕಿ, ಹೋದ ವರ್ಷದ ಒಂದು ಲಗ್ನಪತ್ರಿಕೆ ತೆರೆಯಿರಿ. ಹುಡುಗಿಯ ಹೆಸರು ತಿದ್ದಿ, ಒಂದು ಪ್ರತಿ ಪ್ರಿಂಟ್ ತೆಗೆದು, ಹಳೆಯ ಪ್ರತಿಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಸಾಲು ಎಲ್ಲಾದರೂ ಜಾರಿದ್ದರೆ, ಒತ್ತು ತಪ್ಪಿದ್ದರೆ ಎರಡೂ ಪ್ರತಿಗಳನ್ನು ಸ್ಕ್ಯಾನ್ ಮಾಡಿ, ಯಾವ ಪ್ರೋಗ್ರಾಂ, ಯಾವ ಆವೃತ್ತಿ, ಯಾವ ಫಾಂಟ್ ಎಂದು ಬರೆದು ವೈನ್‌ನ ಬಗ್‌ಜಿಲ್ಲಾಗೆ, ಅಂದರೆ ತಪ್ಪುಗಳನ್ನು ತಿಳಿಸುವ ಜಾಲತಾಣಕ್ಕೆ ಹಾಕಿ. ಇಂಗ್ಲಿಷ್‌ನಲ್ಲಿ ಬರೆಯಲು ಮುಜುಗರವಾದರೆ ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಳ್ಳಿ.